ಅಂಗಾಲಿನ ಉರಿ ಮತ್ತು ಗೋಧಿ: ಸೀಲಿಯಾಕ್ ಕಾಯಿಲೆಯ ನರಹಾನಿ ಕುರಿತು ಒಂದು ಸಮೀಕ್ಷೆ

ಹಾವೇರಿ ಜಿಲ್ಲೆಯ ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ದವಾಖಾನೆಗಳಲ್ಲಿ ಕಾಲಿನ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ‘ಅಂಗಾಲು ಉರೀತಾವ್ರೀ’, ‘ಜೋಮು ಹಿಡದಂಗ ಆಗತೈತಿ’, ‘ಇರುವಿ ಹರದಾಡಿದಂಗ ಆಗತೈತಿ’, ‘ಚಪ್ಪಲಿ ಕಾಲಾಗಿಂದ ಕಳಚಿ ಬಿದ್ರೂ ಗೊತ್ತಾಗಂಗಿಲ್ಲ’. ಇವೆಲ್ಲ ಕೈಕಾಲಿನ ನರಗಳು ಹಾಳಾಗುತ್ತಿರುವುದರ ಲಕ್ಷಣಗಳು. ವೈದ್ಯರು ಮೊದಲು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಬಿ12 ಕೊರತೆ, ಕುಡಿತ, ಥೈರಾಯ್ಡ್, ಮೂತ್ರಪಿಂಡದ ತೊಂದರೆ. ಕುಷ್ಠರೋಗವನ್ನೂ ಮರೆಯುವಂತಿಲ್ಲ. ಹೊಲಕ್ಕೆ ಔಷಧಿ ಹೊಡೆಯುವವರಾದರೆ ಆ ವಿಷದ ವಿಚಾರವನ್ನೂ ಕೇಳಬೇಕು. ಹೆಚ್ಚಿನವರ ಕಾರಣ ಈ ಪಟ್ಟಿಯಲ್ಲೇ ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕೆಲವರಿಗೆ ಕಾರಣ ಸಿಗುವುದಿಲ್ಲ. ಅಂಥವರ ಚೀಟಿಯಲ್ಲಿ ‘ಕಾರಣ ತಿಳಿಯದ ನರಹಾನಿ’ ಎಂದು ಬರೆದು, ಉರಿಗೆ ಗುಳಿಗೆ ಕೊಟ್ಟು ಕಳಿಸಲಾಗುತ್ತದೆ. ಅವರಲ್ಲಿ ಒಂದಿಷ್ಟು ಮಂದಿಗೆ ಸೀಲಿಯಾಕ್ ಕಾಯಿಲೆ ಇರಬಹುದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ದೇಹಕ್ಕೆ ಆಗಿಬರದ ಕಾಯಿಲೆ ಇದು. ನಮ್ಮ ಸೀಮೆಯಲ್ಲಿ ಇದು ಅಪರೂಪ. ಆದರೂ ಇಷ್ಟು ದೀರ್ಘವಾಗಿ ಬರೆಯಲು ಕಾರಣವಿದೆ. ನರಹಾನಿಯ ನೂರಾರು ಕಾರಣಗಳಲ್ಲಿ ಊಟ ಬದಲಿಸಿದರೆ ನಿಲ್ಲಬಹುದಾದವು ಬೆರಳೆಣಿಕೆಯಷ್ಟು, ಅದರಲ್ಲಿ ಇದೊಂದು. ತಡವಾಗಿ ಗೊತ್ತಾದರೆ ಮಾತ್ರ ಕಳೆದುಹೋದ ನರ ಮರಳುವುದು ಕಷ್ಟ.

ಕರುಳಿನಿಂದ ನರದವರೆಗೆ

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರವಾಗಿ ಬರೆದಾಗ ಅವರ ಕಣ್ಣೆದುರು ಇದ್ದದ್ದು ಭೇದಿಯಿಂದ ಸೊರಗಿದ ಮಕ್ಕಳು. ಊಟದಲ್ಲೇ ಇದಕ್ಕೆ ಪರಿಹಾರವಿದೆ ಎಂದು ಅವರಿಗೆ ಅನ್ನಿಸಿತ್ತು, ಆದರೆ ಯಾವ ಊಟ ಎಂಬುದು ತಿಳಿದಿರಲಿಲ್ಲ. ಅದನ್ನು ಕಂಡುಕೊಂಡವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಮೊದಲಿನಿಂದಲೂ ಗುಮಾನಿ ಇತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಬಿದ್ದರು. 1950ರ ಪ್ರಬಂಧದಲ್ಲಿ ಅವರು ಗೋಧಿಯೇ ಕಾರಣ ಎಂದು ತೋರಿಸಿಕೊಟ್ಟರು.

ಒಳಗೆ ನಡೆಯುವುದು ಹೀಗೆ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವ ಕೆಲವರಲ್ಲಿ, ಪೂರ್ತಿ ಜೀರ್ಣವಾಗದ ಗ್ಲುಟೆನ್ ತುಣುಕುಗಳನ್ನು ರೋಗನಿರೋಧಕ ವ್ಯವಸ್ಥೆ ಶತ್ರು ಎಂದು ಬಗೆಯುತ್ತದೆ. ಕರುಳಿನಲ್ಲಿರುವ ಟ್ರಾನ್ಸ್‌ಗ್ಲುಟಾಮಿನೇಸ್ 2 ಎಂಬ ಕಿಣ್ವ ಆ ತುಣುಕುಗಳನ್ನು ಮಾರ್ಪಡಿಸಿ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಕೊನೆಗೆ ಆ ಕಿಣ್ವದ ವಿರುದ್ಧವೇ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಸಣ್ಣಕರುಳಿನ ಒಳಮೈಯ ನವಿರಾದ ಚಾಚುಗಳು ಹಳೇ ಕಂಬಳಿಯ ಉಣ್ಣೆಯಂತೆ ಸವೆದು ಬೋಳಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಕಬ್ಬಿಣದ ಗುಳಿಗೆಗೂ ಜಗ್ಗದ ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇವು ಇದರ ಪರಿಚಿತ ರೂಪಗಳು.

ನರದ ತೊಂದರೆಯನ್ನು ಇದರ ಜೊತೆ ಗಟ್ಟಿಯಾಗಿ ಜೋಡಿಸಿದ್ದು 1966ರಲ್ಲಿ ಬ್ರಿಟನ್ನಿನ ಕುಕ್ ಮತ್ತು ಸ್ಮಿತ್ ‘ಬ್ರೈನ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ. ಸೀಲಿಯಾಕ್ ಇದ್ದ 16 ವಯಸ್ಕರಲ್ಲಿ ನಡಿಗೆಯ ತೂಗಾಟ ಮತ್ತು ತೀವ್ರ ನರಹಾನಿಯನ್ನು ಅವರು ದಾಖಲಿಸಿದರು. ಮೂವತ್ತು ವರ್ಷದ ನಂತರ ಶೆಫೀಲ್ಡಿನ ನರರೋಗತಜ್ಞ ಮಾರಿಯೋಸ್ ಹಾಜಿವಾಸಿಲಿಯು ಇದೇ ಪ್ರಶ್ನೆಯನ್ನು ತಿರುವಿ ಕೇಳಿದರು: ಕಾರಣ ತಿಳಿಯದ ನರರೋಗ ಇರುವವರಲ್ಲಿ ಎಷ್ಟು ಮಂದಿಗೆ ಗ್ಲುಟೆನ್ ಆಗಿಬರುವುದಿಲ್ಲ? 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಂಥ 53 ರೋಗಿಗಳ ಪೈಕಿ ಶೇ. 57ರಷ್ಟು ಮಂದಿಯ ರಕ್ತದಲ್ಲಿ ಗ್ಲುಟೆನ್‌ನ ಒಂದು ಭಾಗವಾದ ಗ್ಲಯಡಿನ್ ವಿರುದ್ಧದ ಪ್ರತಿಕಾಯ ಸಿಕ್ಕಿತು.

ದೊಡ್ಡ ಸಂಖ್ಯೆಯ ಲೆಕ್ಕ ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಕರುಳಿನ ತುಣುಕು ಪರೀಕ್ಷೆಯಿಂದ ಸೀಲಿಯಾಕ್ ಖಚಿತವಾದ 28,232 ಮಂದಿಯ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳ ಜೊತೆ ಹೋಲಿಸಿದ ಅಧ್ಯಯನ 2015ರಲ್ಲಿ ಬಂತು. ಸೀಲಿಯಾಕ್ ಇದ್ದವರಲ್ಲಿ ಶೇ. 0.7, ಇಲ್ಲದವರಲ್ಲಿ ಶೇ. 0.3 ಮಂದಿಗೆ ಆಮೇಲೆ ನರಹಾನಿ ಪತ್ತೆಯಾಗಿತ್ತು. ಅಪಾಯ ಸುಮಾರು ಎರಡೂವರೆ ಪಟ್ಟು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ನಂಟು ನಿಜ, ಅನುಮಾನವಿಲ್ಲ. ಆದರೆ ಸೀಲಿಯಾಕ್ ಇರುವ ಹೆಚ್ಚಿನವರಿಗೆ ಆಸ್ಪತ್ರೆಯ ದಾಖಲೆ ಸೇರುವಷ್ಟು ನರಹಾನಿ ಆಗುವುದಿಲ್ಲ ಎಂಬುದೂ ಅಷ್ಟೇ ನಿಜ.

ನರಕ್ಕೆ ತಗಲುವ ಎರಡು ದಾರಿ

ಮೊದಲನೆಯದು ಕೊರತೆಯ ದಾರಿ. ಕರುಳು ಹೀರದಿದ್ದರೆ ನರಕ್ಕೆ ಬೇಕಾದ ಬಿ12, ಬಿ1, ಫೋಲೇಟ್, ಇ ಜೀವಸತ್ವ, ತಾಮ್ರ ಕಡಿಮೆಯಾಗುತ್ತವೆ. ತಾಮ್ರ ಕಡಿಮೆಯಾದರೆ ಬೆನ್ನುಹುರಿಯೂ ಸೇರಿ ನಡಿಗೆ ಕೆಡುತ್ತದೆ, ನೋಡಲು ಬಿ12 ಕೊರತೆಯಂತೆಯೇ ಇರುತ್ತದೆ. ಹೀಗಾಗಿ ಬಿ12 ಕೊಟ್ಟರೂ ಗುಣ ಕಾಣದವರಲ್ಲಿ ತಾಮ್ರದ ಮಟ್ಟ ನೋಡುವುದು ಒಳ್ಳೆಯದು.

ಎರಡನೆಯದು ರೋಗನಿರೋಧಕ ವ್ಯವಸ್ಥೆಯ ನೇರ ದಾಳಿ. ಜೀವಸತ್ವಗಳ ಮಟ್ಟವೆಲ್ಲ ಸರಿಯಿದ್ದೂ ನರ ಹಾಳಾಗುವವರಿದ್ದಾರೆ. ನರವ್ಯೂಹದಲ್ಲಿ ಕಂಡುಬರುವ ಟ್ರಾನ್ಸ್‌ಗ್ಲುಟಾಮಿನೇಸ್ 6 ಎಂಬ ಸೋದರ ಕಿಣ್ವದ ವಿರುದ್ಧ ಇವರಲ್ಲಿ ಕೆಲವರಿಗೆ ಪ್ರತಿಕಾಯ ಇರುತ್ತದೆ. ಬೆನ್ನುಹುರಿಯ ಪಕ್ಕದ ಸಂವೇದನೆಯ ನರಗಂಟುಗಳಲ್ಲಿ ಉರಿಯೂತದ ಜೀವಕೋಶಗಳು ಸೇರಿಕೊಂಡಿದ್ದನ್ನು ಶೆಫೀಲ್ಡಿನವರು ಮರಣೋತ್ತರ ಪರೀಕ್ಷೆಯಲ್ಲಿ ತೋರಿಸಿದ್ದಾರೆ.

ತೊಂದರೆ ಕಾಣಿಸಿಕೊಳ್ಳುವ ರೂಪಗಳೂ ಹಲವು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಎರಡೂ ಪಾದಗಳಿಂದ ಶುರುವಾಗಿ ನಿಧಾನಕ್ಕೆ ಮೇಲೇರುವ ಜೋಮು. ಎರಡನೆಯದು ಸಣ್ಣ ನರತಂತುಗಳ ಹಾನಿ. ಇದರಲ್ಲಿ ಉರಿ ವಿಪರೀತ, ಆದರೆ ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ಪೂರಾ ಸರಿಯಿದೆ ಎಂದು ಬರುತ್ತದೆ, ಏಕೆಂದರೆ ಆ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ಅಳೆಯುತ್ತದೆ. ವರದಿ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಇಂಥವರ ನೋವನ್ನು ‘ಮನಸ್ಸಿನದು’ ಎಂದು ತಳ್ಳಿಹಾಕುವುದು ಅನ್ಯಾಯ. ಮೂರನೆಯದು ನರಗಂಟುಗಳ ಹಾನಿ. ಇದು ಪಾದವನ್ನು ಕಾಯದೆ ಮುಖಕ್ಕೋ ಒಂದು ಕೈಗೋ ಮೊದಲು ಬರಬಹುದು. ಕಣ್ಣು ಮುಚ್ಚಿದರೆ ಕಾಲೆಲ್ಲಿದೆ ಎಂದೇ ತಿಳಿಯದಂತಾಗುತ್ತದೆ. ಇವುಗಳ ಜೊತೆ ಅಥವಾ ಇವಿಲ್ಲದೆಯೂ ಕಿರುಮೆದುಳಿಗೆ ಪೆಟ್ಟು ಬಿದ್ದು ನಡಿಗೆ ತೂರಾಡುವುದುಂಟು. ಇದನ್ನು ಗ್ಲುಟೆನ್ ಅಟಾಕ್ಸಿಯ ಎನ್ನುತ್ತಾರೆ. ಕುಡಿಯದವರೂ ಕುಡಿದವರಂತೆ ನಡೆಯುವಾಗ ಊರಿನವರು ಆಡುವ ಮಾತು ಕಾಯಿಲೆಯಷ್ಟೇ ನೋಯಿಸುತ್ತದೆ.

ನರದ ತೊಂದರೆಯಿಂದ ಪತ್ತೆಯಾಗುವ ಹಲವರಿಗೆ ಹೊಟ್ಟೆಯ ದೂರು ಇರುವುದೇ ಇಲ್ಲ. ‘ಭೇದಿ ಇಲ್ಲ, ಹಾಗಾಗಿ ಸೀಲಿಯಾಕ್ ಇರಲಾರದು’ ಎಂಬ ಹಳೆಯ ಲೆಕ್ಕಾಚಾರ ಇಲ್ಲಿ ನಡೆಯದು.

ಒಪ್ಪಿಗೆ ಎಲ್ಲಿ, ತಕರಾರು ಎಲ್ಲಿ

ಕರುಳಿನ ಹಾನಿಯೂ ಪ್ರತಿಕಾಯವೂ ಇರುವ ಸೀಲಿಯಾಕ್ ರೋಗಿಗೆ ನರಹಾನಿ ಆಗಬಹುದು ಎಂಬ ಬಗ್ಗೆ ಈಗ ತಕರಾರಿಲ್ಲ. ತಕರಾರು ಇರುವುದು ಗ್ಲಯಡಿನ್ ಪ್ರತಿಕಾಯ ಮಾತ್ರ ಇದ್ದು ಕರುಳು ಸರಿಯಿರುವವರ ವಿಷಯದಲ್ಲಿ. 1996ರ ಅದೇ ಅಧ್ಯಯನದಲ್ಲಿ ಆರೋಗ್ಯವಂತ ರಕ್ತದಾನಿಗಳ ಪೈಕಿಯೂ ಶೇ. 12 ಮಂದಿಗೆ ಈ ಪ್ರತಿಕಾಯ ಇತ್ತು. ಅಂದರೆ ಈ ಒಂದು ವರದಿ ಹಿಡಿದು ‘ನಿಮ್ಮ ನರಕ್ಕೆ ಗೋಧಿಯೇ ಕಾರಣ’ ಎಂದು ಹೇಳಿಬಿಟ್ಟರೆ ಬಹಳಷ್ಟು ಜನರಿಗೆ ಬೇಡದ ಪಥ್ಯ ಹೇರಿದಂತಾಗುತ್ತದೆ. ಕರುಳು ಸರಿಯಿದ್ದರೂ ನರಕ್ಕೆ ಹಾನಿ ಸಾಧ್ಯ ಎನ್ನುವುದು ಶೆಫೀಲ್ಡಿನವರ ನಿಲುವು. ಪುರಾವೆ ಇನ್ನೂ ಬೇಕು ಎನ್ನುವುದು ಉಳಿದ ಹಲವರ ನಿಲುವು. ಬೇರೆಲ್ಲ ಕಾರಣಗಳನ್ನು ನೋಡಿಯಾದ ಮೇಲೆ, ತಜ್ಞರ ಕಣ್ಗಾವಲಿನಲ್ಲಿ, ಅವಧಿ ಗೊತ್ತುಮಾಡಿಕೊಂಡು ಪಥ್ಯ ಮಾಡಿ ನೋಡುವುದು ಇಂಥವರ ಮಟ್ಟಿಗೆ ನ್ಯಾಯವಾದ ನಡುದಾರಿ ಎಂದು ನನಗೆ ತೋರುತ್ತದೆ.

ನಮ್ಮ ಸೀಮೆಯಲ್ಲಿ ಎಷ್ಟಿದ್ದೀತು?

ವೆಲ್ಲೂರಿನ ಬಿ.ಎಸ್. ರಾಮಕೃಷ್ಣ, ದೆಹಲಿ ಏಮ್ಸ್‌ನ ಗೋವಿಂದ ಮಖಾರಿಯ ಮತ್ತು ಸಂಗಡಿಗರು ದೇಶದ ಮೂರು ಭಾಗಗಳಲ್ಲಿ 23,331 ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಲಿಯಾಕ್ ಪ್ರತಿಕಾಯ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡಿತು. ಆದರೆ ಕಾಯಿಲೆಗೆ ಅವಕಾಶ ಕೊಡುವ ವಂಶವಾಹಿ ಉತ್ತರದಲ್ಲಿ ಶೇ. 38.1, ದಕ್ಷಿಣದಲ್ಲಿ ಶೇ. 36.4. ಹೆಚ್ಚುಕಮ್ಮಿ ಸಮ. ದೊಡ್ಡ ವ್ಯತ್ಯಾಸ ಕಂಡದ್ದು ಊಟದಲ್ಲಿ: ದಿನಕ್ಕೆ ಸರಾಸರಿ ಗೋಧಿ ಸೇವನೆ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಹಾವೇರಿ ಜಿಲ್ಲೆ ಈ ಎರಡು ತುದಿಗಳ ನಡುವೆ ನಿಲ್ಲುತ್ತದೆ. ಇಲ್ಲಿಯ ಊಟದ ಬೆನ್ನೆಲುಬು ಜೋಳದ ರೊಟ್ಟಿ ಮತ್ತು ಅನ್ನ. ಆದರೂ ಗೋಧಿ ಇಲ್ಲಿಗೆ ಹೊಸದಲ್ಲ. ಹಬ್ಬಕ್ಕೆ ಹೋಳಿಗೆ, ಕರಿಗಡಬು, ಜಾತ್ರೆಗೆ ಗೋಧಿ ಹುಗ್ಗಿ, ಮಾದಲಿ, ಬಾಣಂತಿಗೆ ಸಜ್ಜಕ, ಬೇಸಿಗೆಯಲ್ಲಿ ಹೊಸೆದಿಟ್ಟ ಶಾವಿಗೆ. ಹಿಂದೆ ಹಬ್ಬಕ್ಕೆ ಬರುತ್ತಿದ್ದ ಗೋಧಿ ಈಗ ದಿನದ ತಾಟಿಗೆ ಬಂದಿದೆ. ಮುಂಜಾನೆ ರವೆ ಉಪ್ಪಿಟ್ಟು, ಚಹಾದ ಜೊತೆ ಬಿಸ್ಕಿಟ್ಟು, ಸಂಜೆ ಗೋಬಿ ಮಂಚೂರಿ, ಸಕ್ಕರೆ ಕಾಯಿಲೆಗೆಂದು ರಾತ್ರಿ ಚಪಾತಿ. ವಂಶವಾಹಿ ಮೂರರಲ್ಲಿ ಒಬ್ಬರಿಗೆ ಇರುವಾಗ ಗೋಧಿ ಹೆಚ್ಚಿದ ಹಾಗೆ ಕಾಯಿಲೆಯೂ ಹೆಚ್ಚು ಕಾಣಿಸಿಕೊಳ್ಳಬಹುದು ಎಂಬ ಎಚ್ಚರ ಈಗಲೇ ಬೇಕು.

ದಕ್ಷಿಣ ಭಾರತಕ್ಕೆ ಇನ್ನೊಂದು ತೊಡಕೂ ಇದೆ. ಕರುಳಿನ ಚಾಚು ಸವೆದಿದ್ದರೆ ಅದೆಲ್ಲ ಸೀಲಿಯಾಕ್ ಅಲ್ಲ. ವೆಲ್ಲೂರಿನಲ್ಲಿ ಬೇಕರ್ ಮತ್ತು ಮಥನ್ ದಶಕಗಳ ಕಾಲ ಅಧ್ಯಯನ ಮಾಡಿದ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಯಲ್ಲೂ ಕರುಳು ಹೀಗೆಯೇ ಸವೆಯುತ್ತದೆ, ಬಿ12 ಕಡಿಮೆಯಾಗಿ ನರವೂ ಹಾಳಾಗುತ್ತದೆ. ಆದರೆ ಅದಕ್ಕೆ ಮದ್ದು ಟೆಟ್ರಾಸೈಕ್ಲಿನ್ ಮತ್ತು ಫೋಲಿಕ್ ಆಮ್ಲ. ಜಿಯಾರ್ಡಿಯ ಸೋಂಕಿನಲ್ಲೂ ಇಂಥದೇ ಚಿತ್ರ ಕಾಣಬಹುದು. ಕೆಲವು ತಿಂಗಳ ಮದ್ದಿಗೆ ಹೋಗುವ ಕಾಯಿಲೆಗೆ ಜೀವನಪೂರ್ತಿ ಗೋಧಿ ಬಿಡಿಸುವುದು ತಪ್ಪು. ಜೀವನಪೂರ್ತಿ ಬಿಡಬೇಕಾದವರಿಗೆ ಬರೀ ಮಾತ್ರೆ ಕೊಟ್ಟು ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗಾಗಿ ಕರುಳಿನ ತುಣುಕು ಮತ್ತು ರಕ್ತದ ಪ್ರತಿಕಾಯ ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ಮೊದಲ ಪರೀಕ್ಷೆ ಸರಳ: ರಕ್ತದಲ್ಲಿ ಟ್ರಾನ್ಸ್‌ಗ್ಲುಟಾಮಿನೇಸ್ 2 (ಟಿಟಿಜಿ) ವಿರುದ್ಧದ ಐಜಿಎ ಬಗೆಯ ಪ್ರತಿಕಾಯ. ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ನೋಡಬೇಕು, ಏಕೆಂದರೆ ಹುಟ್ಟಾ ಐಜಿಎ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ ‘ಇಲ್ಲ’ ಎನ್ನುತ್ತದೆ. ರಕ್ತ ರಾಣೆಬೆನ್ನೂರಿನಲ್ಲೇ ಕೊಟ್ಟು ದೊಡ್ಡ ಲ್ಯಾಬಿನಿಂದ ವರದಿ ತರಿಸಿಕೊಳ್ಳಬಹುದು. ಪ್ರತಿಕಾಯ ಕಂಡರೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಆರಂಭದ ಭಾಗದಿಂದ ತುಣುಕು ತೆಗೆಯುತ್ತಾರೆ. ಎಂಡೋಸ್ಕೋಪಿಗೂ ಎನ್‌ಸಿಎಸ್‌ಗೂ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಹೋದರೆ ಒಂದೇ ಸುತ್ತಿನಲ್ಲಿ ಕೆಲಸವಾಗುತ್ತದೆ.

ಈ ಪರೀಕ್ಷೆಗಳೆಲ್ಲ ಗೋಧಿ ತಿನ್ನುತ್ತಿರುವಾಗ ಮಾತ್ರ ನಂಬಬಹುದಾದವು. ಯಾರದೋ ಮಾತು ಕೇಳಿ ಮೊದಲೇ ಗೋಧಿ ಬಿಟ್ಟರೆ ಪ್ರತಿಕಾಯ ಇಳಿದು, ಕರುಳು ಚೇತರಿಸಿಕೊಂಡು, ಕಾಯಿಲೆಯ ಗುರುತೇ ಅಳಿಸಿಹೋಗುತ್ತದೆ. ನಮ್ಮ ಕಡೆ ಮೂರು ಹೊತ್ತೂ ರೊಟ್ಟಿ, ಅನ್ನ ಉಣ್ಣುವವರಿಗೂ ಇದೇ ತೊಡಕು ಬರಬಹುದು. ಗೋಧಿ ತೀರಾ ಕಡಿಮೆ ತಿನ್ನುವವರ ವರದಿ ‘ಇಲ್ಲ’ ಎಂದು ಬಂದರೆ ಅದನ್ನು ಕೊನೆಯ ಮಾತು ಎಂದುಕೊಳ್ಳಬಾರದು. ವೈದ್ಯರ ಸಲಹೆಯಂತೆ ಕೆಲವು ವಾರ ದಿನವೂ ಗೋಧಿ ತಿಂದು ಮತ್ತೆ ಪರೀಕ್ಷೆ ಮಾಡಿಸಬಹುದು, ಇಲ್ಲವೇ ವಂಶವಾಹಿ ಪರೀಕ್ಷೆಗೆ ಹೋಗಬಹುದು. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲವೆಂದೇ ಹೇಳಬಹುದು. ಇದ್ದರೆ ಮಾತ್ರ ಏನೂ ಸಾಬೀತಾದಂತಲ್ಲ.

ಯಾರಿಗೆ ಮುಂಚೆಯೇ ಮಾಡಿಸಬೇಕು? ಕಾರಣ ಸಿಗದ ನರಹಾನಿ ಅಥವಾ ತೂರಾಟ ಇರುವವರಿಗೆ, ನರದ ತೊಂದರೆಯ ಜೊತೆ ಹಟಮಾರಿ ರಕ್ತಹೀನತೆ ಇರುವವರಿಗೆ, ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾದ ಟೈಪ್ 1 ಮಧುಮೇಹಿಗಳಿಗೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ದಾಳಿ ಮಾಡುವ ಕಾಯಿಲೆ ಇರುವವರಿಗೆ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಖಚಿತವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳ ಪೈಕಿ ನೂರಕ್ಕೆ ಏಳೆಂಟು ಮಂದಿಗೂ ಅದು ಇರುವ ಸಾಧ್ಯತೆಯಿದೆ. ಅವರ ರಕ್ತವನ್ನೂ ನೋಡಬೇಕು.

ಮದ್ದು ಇರುವುದು ತಾಟಿನಲ್ಲಿ

ಗ್ಲುಟೆನ್ ಪೂರ್ತಿ ಬಿಡುವುದು, ಅದೂ ಜೀವನಪೂರ್ತಿ, ಇವತ್ತಿಗೂ ಇದೊಂದೇ ಮೂಲ ಚಿಕಿತ್ಸೆ. ನರಕ್ಕೆ ಇದು ಎಷ್ಟು ಉಪಯೋಗ? 2006ರ ಶೆಫೀಲ್ಡ್ ಅಧ್ಯಯನದಲ್ಲಿ 35 ಮಂದಿಯ ಪೈಕಿ 25 ಮಂದಿ ಪಥ್ಯ ಮಾಡಿದರು, 10 ಮಂದಿ ಮಾಡಲಿಲ್ಲ. ವರ್ಷದ ನಂತರ ಪಥ್ಯ ಮಾಡಿದವರ ಕಾಲಿನ ಸಂವೇದನಾ ನರದ ಅಳತೆ ಸುಧಾರಿಸಿತ್ತು. 2010ರಲ್ಲಿ ಅದೇ ಗುಂಪು ನರಗಂಟುಗಳ ಹಾನಿ ಇದ್ದ 17 ಮಂದಿಯ ವಿವರ ಕೊಟ್ಟಿತು. ಪಥ್ಯಕ್ಕೆ ಒಪ್ಪಿದ 15 ಮಂದಿಯಲ್ಲಿ 11 ಮಂದಿಗೆ ಕಾಯಿಲೆ ಅಲ್ಲಿಗೇ ನಿಂತಿತು. ಪಥ್ಯ ಸರಿಯಾಗಿ ಪಾಲಿಸದ 4 ಮಂದಿಗೂ, ಒಪ್ಪದ ಇಬ್ಬರಿಗೂ ಮುಂದುವರಿಯಿತು. ಇವು ಚಿಕ್ಕ ಅಧ್ಯಯನಗಳು, ಚೀಟಿ ಎತ್ತಿ ಗುಂಪು ಮಾಡಿದವಲ್ಲ. ಆದರೂ ದಿಕ್ಕು ಒಂದೇ: ಬೇಗ ಹಿಡಿದು ಕಟ್ಟುನಿಟ್ಟಾಗಿ ಬಿಟ್ಟವರಿಗೆ ಲಾಭ ಹೆಚ್ಚು. ಪ್ರತಿಕಾಯ ಇಳಿಯಲು ಆರು ತಿಂಗಳಿಂದ ವರ್ಷ ಹಿಡಿಯಬಹುದು. ನರತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಸತ್ತ ನರಗಂಟು, ಸತ್ತ ಕಿರುಮೆದುಳಿನ ಕೋಶ ಮರಳುವುದಿಲ್ಲ. ತಿಂಗಳಲ್ಲಿ ಗುಣ ಕಾಣಲಿಲ್ಲವೆಂದು ಪಥ್ಯ ಬಿಟ್ಟವರು ಇದನ್ನು ತಿಳಿದಿರಬೇಕು.

ಪಂಜಾಬಿನವರಿಗೆ ಕಠಿಣವಾದ ಈ ಪಥ್ಯ ನಮ್ಮವರಿಗೆ ಅರ್ಧ ಹಗುರ. ಜೋಳದಲ್ಲಿ ಗ್ಲುಟೆನ್ ಇಲ್ಲ. ಇಟಲಿಯಲ್ಲಿ ಸೀಲಿಯಾಕ್ ರೋಗಿಗಳಿಗೇ ಜೋಳದ ತಿನಿಸು ಕೊಟ್ಟು, ಅದು ನಿರಪಾಯ ಎಂದು 2007ರಲ್ಲಿ ತೋರಿಸಿದ್ದಾರೆ. ಸಜ್ಜೆ, ನವಣೆ, ರಾಗಿ, ಗೋವಿನಜೋಳ, ಅಕ್ಕಿ, ಅವಲಕ್ಕಿ, ಮಂಡಕ್ಕಿ, ಎಲ್ಲ ಬೇಳೆಕಾಳು, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಾಲು ಮೊಸರು ಧಾರಾಳವಾಗಿ ಉಣ್ಣಬಹುದು. ಎಳ್ಳಮಾಸಿಗೆ ಚರಗ ಚೆಲ್ಲಲು ಕಟ್ಟುವ ಬುತ್ತಿಯಲ್ಲಿ ಹೋಳಿಗೆ, ಕಡಬು ಬಿಟ್ಟರೆ ಉಳಿದದ್ದು ಬಹುಪಾಲು ಇವರಿಗೆ ಸಲ್ಲುವ ಊಟವೇ.

ಉಳಿದರ್ಧ ಕಷ್ಟ ಮರೆಯಲ್ಲಿರುವ ಗೋಧಿಯದು. ಎಲ್ಲಕ್ಕಿಂತ ಮೊದಲನೆಯದು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ. ‘ಗ್ಲುಟೆನ್ ಇಲ್ಲ’ ಎಂದು ಬರೆಯಲು ನಮ್ಮ ಆಹಾರ ಸುರಕ್ಷತಾ ನಿಯಮ ಕಿಲೋಗೆ 20 ಮಿಲಿಗ್ರಾಂ ಮಿತಿ ಹಾಕಿದೆ. ಗಿರಣಿಯ ಒಂದು ಹಿಡಿ ಗೋಧಿ ಹಿಟ್ಟು ಆ ಮಿತಿಯನ್ನು ಸುಲಭವಾಗಿ ದಾಟಿಸುತ್ತದೆ. ಮನೆಯಲ್ಲಿ ಚಿಕ್ಕ ಗಿರಣಿ ಇಟ್ಟುಕೊಳ್ಳುವುದು ಒಳ್ಳೆಯ ದಾರಿ. ಅದಾಗದಿದ್ದರೆ ಬೀಸುವ ಕಲ್ಲನ್ನು ಜೋಳ ಮಾತ್ರ ಬೀಸಲು ಬಳಸಬೇಕು. ಚಪಾತಿ ಲಟ್ಟಿಸುವ ಮಣೆ, ಹಿಟ್ಟು ನಾದುವ ಪರಾತ, ಹಂಚು ಬೇರೆ ಇರಬೇಕು. ಅಂಗಡಿಯ ರೊಟ್ಟಿ ಕೊಳ್ಳುವಾಗ ಅಲ್ಲಿ ಚಪಾತಿಯನ್ನೂ ಮಾಡುತ್ತಾರೆಯೇ ಎಂದು ಕೇಳಬೇಕು. ಡಬ್ಬಿಯ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಮೈದಾ ಅದ್ದಿದ ಗೋಬಿ ಕರಿದ ಎಣ್ಣೆಯಲ್ಲೇ ಮಿರ್ಚಿ ಭಜಿ ಕರಿದರೆ ಅದೂ ಕೂಡದು. ಬಾರ್ಲಿಯ ಮಾಲ್ಟ್ ಪುಡಿ, ಬಿಯರ್ ಬೇಡ. ದವಾಖಾನೆಗೆ ಮಾತಾಡಿಸಲು ಬರುವವರು ತರುವ ಬ್ರೆಡ್ಡು, ಬಿಸ್ಕಿಟ್ಟು ಈ ರೋಗಿಗೆ ವಿಷಕ್ಕೆ ಸಮ.

ಕಪ್ಲಿ ಗೋಧಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟ ಈ ಗೋಧಿ ಒಳ್ಳೆಯ ಧಾನ್ಯ, ಸಕ್ಕರೆ ಕಾಯಿಲೆಯವರೂ ಇಷ್ಟಪಡುತ್ತಾರೆ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ‘ಹಳೇ ತಳಿ, ನಾಟಿ ಗೋಧಿ, ಏನೂ ಆಗಲ್ಲ’ ಎಂಬ ಮಾತಿಗೆ ಸೀಲಿಯಾಕ್ ರೋಗಿ ಕಿವಿಗೊಡಬಾರದು.

ಪಥ್ಯದ ಜೊತೆಗಿನ ಆರೈಕೆ

ಕೊರತೆಗಳನ್ನು ಅಳೆದು ತುಂಬಬೇಕು. ಅಳೆಯದೆ ‘ನರದ ಸೂಜಿ’, ‘ನರದ ಗುಳಿಗಿ’ ವರ್ಷಗಟ್ಟಲೆ ತೆಗೆದುಕೊಳ್ಳುವ ರೂಢಿ ಅಪಾಯದ್ದು. ಬಿ6 ಅತಿಯಾದರೆ ಅದೇ ನರಹಾನಿ ಮಾಡುತ್ತದೆ. ಉರಿಗೆ ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್, ಡುಲೊಕ್ಸೆಟಿನ್ ಮದ್ದುಗಳಿವೆ. ಇವು ನೋವು ತಗ್ಗಿಸುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಪಥ್ಯಕ್ಕೂ ಬಗ್ಗದ ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಕೊಟ್ಟು ಗುಣ ಕಂಡ ವರದಿಗಳಿವೆ. ಅವು ಬೆರಳೆಣಿಕೆಯ ರೋಗಿಗಳವು, ಖರ್ಚು ವಿಪರೀತ. ಟ್ರಾನ್ಸ್‌ಗ್ಲುಟಾಮಿನೇಸ್ 2 ಕಿಣ್ವವನ್ನೇ ತಡೆಯುವ ಗುಳಿಗೆಯೊಂದು ಕರುಳಿನ ಹಾನಿಯನ್ನು ತಗ್ಗಿಸಿತೆಂದು 2021ರಲ್ಲಿ ವರದಿಯಾಯಿತು. ನರಹಾನಿಗೆ ಅದು ಇನ್ನೂ ಮದ್ದಾಗಿಲ್ಲ.

ಸ್ಪರ್ಶ ಕಳೆದುಕೊಂಡ ಪಾದಕ್ಕೆ ಹೊಲದಲ್ಲಿ ಬರಿಗಾಲಿನ ನಡಿಗೆ ಕೂಡದು. ಗೋವಿನಜೋಳದ ಕೂಳೆ ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳುವುದು, ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡುವುದು, ಸಮತೋಲ ತಪ್ಪದಂತೆ ನಡೆಯುವ ವ್ಯಾಯಾಮ ಕಲಿಯುವುದು, ಇವು ಖರ್ಚಿಲ್ಲದ ಚಿಕಿತ್ಸೆ.

ಏನಾಗಬೇಕು?

ಇಷ್ಟೆಲ್ಲ ಓದಿ ತೂಗಿದ ಮೇಲೆ ನನ್ನ ಅಭಿಪ್ರಾಯ ಇದು. ಕಾಲು ಉರಿಯುವ ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಸಕ್ಕರೆ, ಬಿ12, ಥೈರಾಯ್ಡ್, ಕುಷ್ಠ ನೋಡಿದ ಮೇಲೂ ಕಾರಣ ಸಿಗದವರಿಗೆ ಟಿಟಿಜಿ ಮತ್ತು ಒಟ್ಟು ಐಜಿಎ ಪರೀಕ್ಷೆ ತಪ್ಪದೆ ಆಗಬೇಕು. ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿಯ ನರರೋಗಿಗಳ ತಪಾಸಣೆಯಲ್ಲಿ ಇದೊಂದು ಹೆಜ್ಜೆ ಸೇರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಕಾಯಿಲೆ ಖಚಿತವಾದವರ ಕೈಗೆ ನಮ್ಮ ಊಟದ ಹೆಸರುಗಳಲ್ಲೇ ಬರೆದ, ಗಿರಣಿ ಮತ್ತು ಇಂಗಿನ ಎಚ್ಚರಿಕೆಯೂ ಇರುವ ಕನ್ನಡದ ಒಂದು ಹಾಳೆ ಕೊಡಬೇಕು. ದೆಹಲಿಯಿಂದ ಬಂದ ಪಟ್ಟಿ ಹಲಗೇರಿಯ ಅಡುಗೆಮನೆಗೆ ಹೊಂದುವುದಿಲ್ಲ. ಶಾಲೆಯ ಬಿಸಿಯೂಟದಲ್ಲಿ, ಅಂಗನವಾಡಿಯಲ್ಲಿ ಸೀಲಿಯಾಕ್ ಇರುವ ಮಗುವಿಗೆ ಗೋಧಿಯಿಲ್ಲದ ತಾಟು ಕೇಳಿದರೆ ಸಿಗುವಂತಿರಬೇಕು. ನೂರಾರು ರೋಗಿಗಳ ಪೈಕಿ ಒಬ್ಬರಿಗೇ ಇದು ಕಾರಣವಾಗಿದ್ದರೂ, ಆ ಒಬ್ಬರು ಮುಂದೆ ಸ್ವಂತ ಕಾಲ ಮೇಲೆ ನಡೆಯುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಎಷ್ಟು ಬೇಗ ಈ ರಕ್ತಪರೀಕ್ಷೆ ಬರೆದುಕೊಟ್ಟರು ಎಂಬುದೇ.